ದ್ರಾಕ್ಷಿ, ಸೇಬಿನ ಜೀನೋಮ್ ಓದಿ ಇಷ್ಟು ವರ್ಷ ಆಯ್ತು, ಹೊಸ ಹಣ್ಣು ಎಲ್ಲಿ?

ಹೊಸಚಿಗುರು
ದ್ರಾಕ್ಷಿಯ ಜೀನೋಮ್, ಎಂದರೆ ಅದರ ಎಲ್ಲ ಜೀನ್‌ಗಳನ್ನೂ ಹೊತ್ತ ಡಿಎನ್‌ಎಯ ಪೂರ್ತಿ ಬರಹ, 2007ರಲ್ಲಿ ಪ್ರಕಟವಾಯಿತು. ಹಣ್ಣಿನ ಬೆಳೆಗಳಲ್ಲಿ ಅದೇ ಮೊದಲನೆಯದು. ಸೇಬಿನದು 2010ರಲ್ಲಿ ಬಂತು. ಔಷಧಿ ಹೊಡೆಯದೆ ಬೆಳೆಯುವ ಬಳ್ಳಿ, ಬೇಕಾದ ರುಚಿಯ ಹಣ್ಣು ಎಲ್ಲ ಇನ್ನೇನು ಕೈಗೆ ಬಂದೇಬಿಟ್ಟವು ಅನ್ನುವ ಉತ್ಸಾಹ ಆಗ ಇತ್ತು. ಇವತ್ತು ನೋಡಿದರೆ ಜಗತ್ತಿನ ತೋಟಗಳಲ್ಲಿ ಅದೇ ಕ್ಯಾಬರ್ನೆ ಸೊವಿನ್ಯೋಂ, ಅದೇ ಶಾರ್ಡೊನೆ, ಅದೇ ಥಾಮ್ಸನ್ ಸೀಡ್‌ಲೆಸ್. ಸೇಬಿನಲ್ಲಿ ಗೋಲ್ಡನ್ ಡೆಲಿಷಸ್, ಗಾಲಾ, ಫ್ಯೂಜಿ. ಗ್ರ್ಯಾನಿ ಸ್ಮಿತ್ ಅಂತೂ 19ನೇ ಶತಮಾನದ್ದು, ಆಸ್ಟ್ರೇಲಿಯಾದಲ್ಲಿ ತಾನಾಗಿ ಹುಟ್ಟಿದ ಒಂದು ಸಸಿ. ಭತ್ತ, ಟೊಮೆಟೊಗಳಲ್ಲಿ ಇಷ್ಟು ಹೊತ್ತಿಗೆ ಎಷ್ಟೋ ತಳಿಗಳು ಬಂದು ಹೋಗಿವೆ.

ವಿಜ್ಞಾನ ನಿಧಾನವೋ, ಮರವೇ ನಿಧಾನವೋ? ಗೊತ್ತಿದ್ದವರು ಬಿಡಿಸಿ ಹೇಳಿ. ನಾನು ಸಸ್ಯಶಾಸ್ತ್ರ ಓದಿದವನಲ್ಲ, ಆಸಕ್ತಿಯಿಂದ ಕೇಳುತ್ತಿದ್ದೇನೆ.

ಅನುಮಾನಿ
ಉತ್ತರ ಸುಲಭ. ಪೇಪರ್ ಬರೆಯೋದಕ್ಕೆ ಜೀನೋಮ್, ತಿನ್ನೋದಕ್ಕೆ ಹಳೇ ಹಣ್ಣು.

ತಳಿಶಾಲೆ
ಅನುಮಾನಿಯವರ ಮಾತಿನಲ್ಲಿ ಅರ್ಧ ಸತ್ಯ ಇದೆ, ಆದರೆ ಹೊಸಚಿಗುರು ಅವರ ಪ್ರಶ್ನೆಗೆ ಅದು ಉತ್ತರ ಅಲ್ಲ. ನಾನು ಹಣ್ಣಿನ ತಳಿ ಅಭಿವೃದ್ಧಿಯ ಕೆಲಸದಲ್ಲೇ ಇರುವುದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ತಾಳ್ಮೆ ಇರಲಿ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಂದ ಕಾಸ್ಮಿಕ್ ಕ್ರಿಸ್ಪ್ ಸೇಬನ್ನು ತೆಗೆದುಕೊಳ್ಳಿ. ಎಂಟರ್‌ಪ್ರೈಸ್ ಮತ್ತು ಹನಿಕ್ರಿಸ್ಪ್ ತಳಿಗಳನ್ನು ಸಂಕರ ಮಾಡಿದ್ದು 1997ರಲ್ಲಿ. ಹಣ್ಣು ಮಾರುಕಟ್ಟೆಗೆ ಬಂದದ್ದು 2019ರಲ್ಲಿ. ನಡುವೆ 22 ವರ್ಷ. ಯಾರೂ ಸೋಮಾರಿತನ ಮಾಡಲಿಲ್ಲ. ಬೀಜದಿಂದ ಹುಟ್ಟಿದ ಸೇಬಿನ ಸಸಿ ಹೂ ಬಿಡುವುದಕ್ಕೇ ಸಾಮಾನ್ಯವಾಗಿ ಐದಾರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ತೆಗೆದುಕೊಳ್ಳುತ್ತದೆ. ಮೊದಲ ಹಣ್ಣು ಕಂಡ ಮೇಲೆ ಅದನ್ನು ಕಸಿ ಮಾಡಿ, ಬೇರೆ ಬೇರೆ ಮಣ್ಣಿನಲ್ಲಿ ನೆಟ್ಟು, ಹಲವು ಹಂಗಾಮು ನೋಡಿ, ಶೈತ್ಯಾಗಾರದಲ್ಲಿ ತಿಂಗಳುಗಟ್ಟಲೆ ಇಟ್ಟು ಪರೀಕ್ಷಿಸಬೇಕು. ಭತ್ತದಲ್ಲಿ ಒಂದು ತಲೆಮಾರು ಮುಗಿಯಲು ಮೂರು ನಾಲ್ಕು ತಿಂಗಳು ಸಾಕು. ಹೋಲಿಕೆಯೇ ಸಲ್ಲ.

ಎರಡನೆಯ ತೊಡಕು ಇನ್ನೂ ದೊಡ್ಡದು. ಭತ್ತ ತನ್ನ ಪರಾಗದಿಂದಲೇ ಕಾಳು ಕಟ್ಟುವುದರಿಂದ ಕೆಲವು ತಲೆಮಾರುಗಳಲ್ಲಿ ತಳಿ ಶುದ್ಧವಾಗಿ ನಿಲ್ಲುತ್ತದೆ. ಸೇಬು ಹಾಗಲ್ಲ. ಅದರ ಹೂವಿನ ಶಲಾಕೆಯಲ್ಲಿ, ಎಂದರೆ ಪರಾಗದ ನಳಿಕೆ ಇಳಿಯುವ ಹೆಣ್ಣುಭಾಗದ ಕಡ್ಡಿಯಲ್ಲಿ, ಎಸ್-ಆರ್‌ಎನ್‌ಏಸ್ ಎಂಬ ಕಿಣ್ವ ಇದೆ. ತನ್ನದೇ ಗುರುತು ಹೊತ್ತ ಪರಾಗದ ನಳಿಕೆ ಒಳಗಿಳಿದರೆ ಅದನ್ನು ನಡುದಾರಿಯಲ್ಲೇ ನಿಲ್ಲಿಸಿಬಿಡುತ್ತದೆ. ಆದ್ದರಿಂದ ಪ್ರತಿ ಬೀಜವೂ ಬೆರಕೆ, ಪ್ರತಿ ಬೀಜವೂ ಹೊಸ ಮರ. ಗಾಲಾ ಹಣ್ಣಿನ ಬೀಜ ಬಿತ್ತಿದರೆ ಗಾಲಾ ಬರುವುದಿಲ್ಲ. ದ್ರಾಕ್ಷಿ ತನ್ನ ಪರಾಗವನ್ನು ಒಪ್ಪಿಕೊಳ್ಳುತ್ತದೆ, ಆದರೆ ಒಂದೆರಡು ತಲೆಮಾರು ಹಾಗೆ ಮಾಡಿದರೆ ಬಳ್ಳಿ ಸೊರಗುತ್ತದೆ. ಅಡಗಿಕೊಂಡಿದ್ದ ದೋಷಗಳೆಲ್ಲ ಹೊರಗೆ ಬರುತ್ತವೆ.

ಜೀನೋಮ್ ಓದುವವರಿಗೂ ಇದೇ ಬೆರಕೆ ಕಾಟ ಕೊಟ್ಟಿತು. 2007ರಲ್ಲಿ ಫ್ರಾನ್ಸ್ ಮತ್ತು ಇಟಲಿಯ ತಂಡ ಸಾಮಾನ್ಯ ಬಳ್ಳಿಯನ್ನು ಓದಲಿಲ್ಲ. ಸ್ವಪರಾಗಸ್ಪರ್ಶದಿಂದ ಹೆಚ್ಚುಕಡಿಮೆ ಶುದ್ಧವಾಗಿಸಿದ್ದ ಪಿಎನ್40024 ಎಂಬ ಸಾಲನ್ನು ಆರಿಸಿಕೊಂಡಿತು. ಸೇಬಿನಲ್ಲಿ 2010ರ ತಂಡ ಗೋಲ್ಡನ್ ಡೆಲಿಷಸ್ ಅನ್ನು ಹಾಗೆಯೇ ಓದಿ ಸುಮಾರು 57,000 ಜೀನ್‌ಗಳಿವೆ ಎಂದು ಅಂದಾಜು ಮಾಡಿತು. 2017ರಲ್ಲಿ ಅದೇ ಗೋಲ್ಡನ್ ಡೆಲಿಷಸ್‌ನಿಂದ ಪಡೆದ, ಎರಡೂ ಪ್ರತಿಗಳು ಒಂದೇ ಆಗಿರುವ ಗಿಡವನ್ನು ಓದಿದಾಗ ಲೆಕ್ಕ ಸುಮಾರು 42,000ಕ್ಕೆ ಇಳಿಯಿತು. ಅಪ್ಪನಿಂದ ಬಂದ ಪ್ರತಿ, ಅಮ್ಮನಿಂದ ಬಂದ ಪ್ರತಿ ಎರಡೂ ಬೇರೆ ಬೇರೆ ಜೀನ್‌ಗಳಂತೆ ಎಣಿಕೆಯಾದದ್ದು ಮೊದಲ ಅಂದಾಜು ಉಬ್ಬಲು ಒಂದು ಕಾರಣ. ಎಂದರೆ 2010ರಲ್ಲಿ ಸಿಕ್ಕಿದ್ದು ಕರಡು. ನಂಬಿ ಕೆಲಸ ಮಾಡಬಹುದಾದ ಪ್ರತಿ ಸಿಕ್ಕಿ ಬಹಳ ಕಾಲವಾಗಿಲ್ಲ.

ಹಾಗಾದರೆ ಜೀನೋಮ್‌ನಿಂದ ನಮಗೆ ನಿಜವಾಗಿ ಆದ ಉಪಯೋಗ ಏನು? ಬೇಡದ ಸಸಿಯನ್ನು ಬೇಗ ಕಿತ್ತು ಎಸೆಯುವುದು. ತಮಾಷೆಯಲ್ಲ. ಸಾವಿರಾರು ಬೀಜ ಮೊಳೆಸುತ್ತೇವೆ. ಎರಡೆಲೆ ಬಂದಾಗಲೇ ಎಲೆಯಿಂದ ಚೂರು ತೆಗೆದು ಡಿಎನ್‌ಎ ಮಾರ್ಕರ್, ಎಂದರೆ ಒಂದೊಂದು ಗುಣದ ಜೊತೆಗೇ ಬರುವ ಗುರುತು, ನೋಡುತ್ತೇವೆ. ಹುಳಿ ತೀರಾ ಕಡಿಮೆ ಬರುವುದು, ರೋಗ ನಿರೋಧಕ ಜೀನ್ ಇಲ್ಲದ್ದು, ಬೇಗ ಮೆತ್ತಗಾಗುವುದು, ಎಲ್ಲ ಅಲ್ಲೇ ಔಟ್. ಆರು ವರ್ಷ ನೀರು, ಜಾಗ, ಕೂಲಿ ಸುರಿದು ಕೊನೆಗೆ ಕಚ್ಚಿ ಉಗಿಯಬೇಕಾದ ಹಣ್ಣಿನ ಮರ ತೋಟಕ್ಕೇ ಹೋಗುವುದಿಲ್ಲ. ಇದರಿಂದ ಮರ ಬೇಗ ಬೆಳೆಯುವುದಿಲ್ಲ, ನಿಜ. ಆದರೆ ಅಷ್ಟೇ ಜಾಗದಲ್ಲಿ ಹತ್ತು ಪಟ್ಟು ಹೆಚ್ಚು ಸಸಿಗಳನ್ನು ಜರಡಿ ಹಿಡಿಯಬಹುದು. ಹೊರಗಿನವರಿಗೆ ಕಾಣುವುದು ಆಯ್ಕೆಯಾದ ಒಂದು ಹಣ್ಣು ಮಾತ್ರ.

ಬಳ್ಳಿಮನೆ
ತಳಿಶಾಲೆ ಸರ್, ಭಾಳ ಚಲೋ ಬರದೀರಿ. ನನ್ನದೊಂದ ಡೌಟ್ ಐತಿ. ದ್ರಾಕ್ಷಿ ನಾವು ಕಡ್ಡಿ ಹಚ್ಚಿ ಬೆಳಸ್ತೀವಿ, ಇಲ್ಲಾ ಕಸಿ ಕಟ್ತೀವಿ. ಬೀಜದ ಮಾತೇ ಇಲ್ಲ. ಹಂಗಂದ ಮ್ಯಾಲೆ ಎಲ್ಲಾ ಬಳ್ಳಿ ಒಂದೇ ಆಗಬೇಕಲ್ಲರಿ? ಆದ್ರ ಒಮ್ಮೊಮ್ಮೆ ಒಂದ ಟೊಂಗಿ ಮ್ಯಾಲಿನ ಗೊನಿ ಬಣ್ಣನೇ ಬ್ಯಾರೆ ಇರ್ತೈತಿ. ಬಿಳಿ ಬಳ್ಳಿಯೊಳಗ ಕೆಂಪ. ಇದು ಹೆಂಗ?

ಎಳೆನೋಡಿ
ಬಳ್ಳಿಮನೆಯವರೇ, ಇದು ನನಗೆ ಅಚ್ಚುಮೆಚ್ಚಿನ ವಿಷಯ, ಬಿಟ್ಟುಕೊಡಲಾರೆ.

ಕಾಡು ದ್ರಾಕ್ಷಿ ಮೂಲತಃ ಕಪ್ಪು. ಸಿಪ್ಪೆಗೆ ಬಣ್ಣ ಕೊಡುವುದು ಆಂಥೋಸಯನಿನ್. ಅದನ್ನು ತಯಾರಿಸು ಎಂದು ಅಪ್ಪಣೆ ಕೊಡುವ ಜೀನ್‌ಗಳಲ್ಲಿ ಮುಖ್ಯವಾದವು ಎರಡು: ವಿವಿ-ಮಿಬ್‌-ಎ1, ಮತ್ತು ಪಕ್ಕದಲ್ಲೇ ಇರುವ ಎ2. ಬಹಳ ಹಿಂದೆ ಯಾವುದೋ ಬಳ್ಳಿಯಲ್ಲಿ ಗ್ರೆಟ್1 ಎಂಬ ಜಿಗಿಯುವ ಡಿಎನ್‌ಎ ತುಂಡು ಎ1 ಜೀನಿನ ಮುಂಭಾಗಕ್ಕೆ ಬಂದು ಕೂತುಬಿಟ್ಟಿತು. ಜೀನ್ ಬಾಯಿ ಮುಚ್ಚಿತು. ಎ2 ಬೇರೆ ಕಾರಣಕ್ಕೆ ಕೆಟ್ಟಿತು. ಎರಡೂ ಕೆಟ್ಟ ಪ್ರತಿ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಹಣ್ಣು ಬಿಳಿ. ಜಗತ್ತಿನ ಬಿಳಿ ದ್ರಾಕ್ಷಿಗಳಲ್ಲಿ ಬಹುಪಾಲು ಈ ಒಂದೇ ಹಳೆಯ ಎಡವಟ್ಟಿನ ಸಂತತಿ. ಜಪಾನಿನ ಸಂಶೋಧಕರು ಇದನ್ನು 2004ರಲ್ಲಿ ತೋರಿಸಿದರು. ಅವರಿಗೆ ಸುಳಿವು ಸಿಕ್ಕಿದ್ದು ಥೇಟ್ ನೀವು ಹೇಳಿದಂಥ ಟೊಂಗೆಯಿಂದಲೇ. ಇಟಾಲಿಯಾ ಎಂಬ ಬಿಳಿ ತಳಿಯ ಬಳ್ಳಿಯಲ್ಲಿ ಕೆಂಪು ಹಣ್ಣು ಬಿಟ್ಟ ಟೊಂಗೆಯನ್ನು ರೂಬಿ ಒಕುಯಾಮಾ ಎಂದು ಬೇರೆ ತಳಿಯಾಗಿ ಬೆಳೆಸಿದ್ದರು. ಡಿಎನ್‌ಎ ನೋಡಿದರೆ ಗ್ರೆಟ್1ನ ಬಹುಭಾಗ ಅಲ್ಲಿಂದ ಜಾಗ ಖಾಲಿ ಮಾಡಿತ್ತು, ಜೀನ್ ಮತ್ತೆ ಕೆಲಸಕ್ಕೆ ಹತ್ತಿತ್ತು.

ಉಲ್ಟಾ ದಾರಿಯೂ ಉಂಟು. ಪಿನೋ ನ್ವಾರ್ ಎಂಬ ವೈನ್ ದ್ರಾಕ್ಷಿ ಕಪ್ಪು. ಅದರಲ್ಲಿ ಒಳ್ಳೆಯ ಪ್ರತಿ ಒಂದೇ ಇದೆ. ವರ್ಣತಂತುವಿನ ಆ ತುಂಡೇ ಕಳೆದುಹೋದಾಗ ಪಿನೋ ಬ್ಲಾಂ, ಬಿಳಿ. ನಡುವಿನ ಬೂದುಗೆಂಪು ಬಣ್ಣದ ಪಿನೋ ಗ್ರಿ ಇದೆಯಲ್ಲ, ಅದರ ಕಥೆಯೇ ಮಜಾ. ಬಳ್ಳಿಯ ಚಿಗುರುತುದಿಯಲ್ಲಿ ಜೀವಕೋಶಗಳ ಎರಡು ಪದರ ಬೇರೆ ಬೇರೆಯಾಗಿಯೇ ಬೆಳೆಯುತ್ತಾ ಹೋಗುತ್ತವೆ, ಅಂಗಿಯ ಬಟ್ಟೆ ಮತ್ತು ಒಳಗಿನ ಅಸ್ತರಿನ ಹಾಗೆ. ಪಿನೋ ಗ್ರಿಯಲ್ಲಿ ಹೊರಪದರ ಬಣ್ಣದ್ದು, ಒಳಪದರ ಬಿಳಿಯದು. ಒಂದೇ ಬಳ್ಳಿಯಲ್ಲಿ ಎರಡು ಜೀನೋಮ್ ಸಂಸಾರ ಮಾಡುತ್ತಿವೆ.

ಪಿನೋ ಮೂನ್ಯೇ ಎಂಬ ಇನ್ನೊಬ್ಬ ದಾಯಾದಿಯೂ ಹೀಗೆಯೇ. ಅದರ ಚಿಗುರಿನ ಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿ ರೋಮ. ದೋಷ ಇರುವುದು ಹೊರಪದರದಲ್ಲಿ ಮಾತ್ರ. ಆಸ್ಟ್ರೇಲಿಯಾದವರು ಆ ಹೊರಪದರದ ಜೀವಕೋಶಗಳಿಂದಲೇ ಇಡೀ ಗಿಡ ಬೆಳೆಸಿ ನೋಡಿದರು. ಬಂದದ್ದು ಗಿಡ್ಡ ಬಳ್ಳಿ, ಕುಂಡದಲ್ಲಿ ಹಿಡಿಯುವಷ್ಟು. ಜಿಬ್ಬರೆಲಿನ್‌ ಹಾರ್ಮೋನಿಗೆ ಸ್ಪಂದಿಸುವ ಜೀನಿನಲ್ಲಿ ಬದಲಾವಣೆ ಆಗಿತ್ತು. ಕಾಯಿ ದಪ್ಪಗಾಗಲೆಂದು ದ್ರಾಕ್ಷಿಗೆ ಕೊಡುವ ಜಿಎ ಇದೇ ಹಾರ್ಮೋನು ಎಂದರೆ ಬಳ್ಳಿಮನೆಯವರಿಗೆ ತಕ್ಷಣ ತಿಳಿಯುತ್ತದೆ. ಇನ್ನೂ ಸೋಜಿಗ ಎಂದರೆ ನುಲಿಬಳ್ಳಿ ಬರಬೇಕಾದ ಜಾಗದಲ್ಲೆಲ್ಲ ಹೂಗೊಂಚಲು ಬಂತು. 2002ರ ಸಂಗತಿ ಇದು. ಆ ಗಿಡ್ಡ ಬಳ್ಳಿ ಈಗ ಪ್ರಯೋಗಾಲಯಗಳಲ್ಲಿ ದ್ರಾಕ್ಷಿಯ ಇಲಿಮರಿ ಆಗಿದೆ. ವರ್ಷವಿಡೀ ಹೂ ಬಿಡುವುದರಿಂದ ಬಳ್ಳಿಗಾಗಿ ಮೂರು ವರ್ಷ ಕಾಯುವುದು ತಪ್ಪಿತು.

ನಿಮ್ಮ ಬಳ್ಳಿಯ ಕೆಂಪು ಟೊಂಗೆಯಿಂದ ಕಡ್ಡಿ ಕತ್ತರಿಸಿ ಬೇರೆ ಹಚ್ಚಿ ನೋಡಿ. ಚಾಟ್ನಿ (ಬಳ್ಳಿ ಸವರುವ ಕೆಲಸ) ಮಾಡಿ ಎಸೆಯಬೇಡಿ.

ಬಳ್ಳಿಮನೆ
ಅಯ್ಯೋ, ಹೋದ ಸಾರಿದ್ದ ಚಾಟ್ನಿ ಆಗೇ ಹೋತರಿ. ಇನ್ನೊಮ್ಮೆ ಕಂಡ್ರ ಬಿಡಂಗಿಲ್ಲ.

ಹೊಸಚಿಗುರು
ಅದ್ಭುತ. ಇನ್ನೊಂದು ಪೆದ್ದು ಪ್ರಶ್ನೆ. ಬೀಜವಿಲ್ಲದ ದ್ರಾಕ್ಷಿಯಲ್ಲಿ ಬೀಜವೇ ಇಲ್ಲ. ಹಾಗಿದ್ದರೆ ಬೀಜವಿಲ್ಲದ ಹೊಸ ತಳಿಯನ್ನು ಸಂಕರ ಮಾಡಿ ಪಡೆಯುವುದು ಹೇಗೆ?

ತಳಿಶಾಲೆ
ಪೆದ್ದು ಪ್ರಶ್ನೆ ಅಲ್ಲವೇ ಅಲ್ಲ. ಅದಕ್ಕೆ ಎಷ್ಟೋ ಜನ ಜೀವಮಾನ ಸವೆಸಿದ್ದಾರೆ.

ಥಾಮ್ಸನ್ ಸೀಡ್‌ಲೆಸ್, ಸುಲ್ತಾನಿನಾ, ಕಿಶ್‌ಮಿಶ್ ಎಂದು ನಾನಾ ಹೆಸರಿನಲ್ಲಿ ಕರೆಯುವ ಆ ಹಳೆಯ ತಳಿಯಲ್ಲಿ ಬೀಜ ಹುಟ್ಟುವುದೇ ಇಲ್ಲ ಅಂತಲ್ಲ. ಪರಾಗಸ್ಪರ್ಶ ಆಗುತ್ತದೆ, ಭ್ರೂಣ ಕೂಡುತ್ತದೆ, ಆಮೇಲೆ ಬೀಜದ ಹೊರಕವಚ ಗಟ್ಟಿಯಾಗದೆ ಬೆಳವಣಿಗೆ ನಿಂತುಹೋಗುತ್ತದೆ. ಬಾಯಿಗೆ ಸಿಗದಷ್ಟು ಮೆತ್ತಗಿನ ಕುರುಹು ಉಳಿಯುತ್ತದೆ ಅಷ್ಟೆ. ಇದರಲ್ಲಿ ಮುಖ್ಯ ಪಾತ್ರ ವಿವಿ-ಎಜಿಎಲ್11 ಎಂಬ ಜೀನಿನದು. ಅದರಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದೆ ಎಂದು 2018ರಲ್ಲಿ ತೋರಿಸಿದರು. ಈಗಿನ ಬೀಜರಹಿತ ತಿನ್ನುವ ದ್ರಾಕ್ಷಿಗಳಲ್ಲಿ ಬಹುಪಾಲಿಗೆ ಈ ಗುಣ ಬಂದದ್ದು ಆ ಒಂದು ತಳಿಯಿಂದ.

ಹಳೆಯ ಕ್ರಮದಲ್ಲಿ ಬೀಜ ಇರುವ ತಳಿ ತಾಯಿ, ಸುಲ್ತಾನಿನಾ ತಂದೆ. ಅದರ ಪರಾಗ ಚೆನ್ನಾಗಿಯೇ ಇದೆ. ಆದರೆ ಮಕ್ಕಳಲ್ಲಿ ಬೀಜರಹಿತ ಬರುವ ಪ್ರಮಾಣ ಕಡಿಮೆ. ಎರಡೂ ಕಡೆ ಬೀಜರಹಿತ ಇಟ್ಟರೆ ಪ್ರಮಾಣ ಏರುತ್ತದೆ, ಆದರೆ ಬೀಜ ಸಾಯುತ್ತದೆ. ಅದಕ್ಕೇ ಕಾಯಿ ಇನ್ನೂ ಹಸಿರಾಗಿರುವಾಗಲೇ ಬಿಡಿಸಿ, ಸಾಯುವ ಮೊದಲೇ ಆ ಎಳೆಯ ಭ್ರೂಣವನ್ನು ತೆಗೆದು ಗಾಜಿನ ನಳಿಕೆಯಲ್ಲಿ ಪೋಷಕ ದ್ರಾವಣ ಕೊಟ್ಟು ಬೆಳೆಸುತ್ತಾರೆ. ಭ್ರೂಣ ರಕ್ಷಣೆ ಅಂತಾರೆ. ಕೈಚಳಕದ ಕೆಲಸ, ಬೂಷ್ಟು ಹತ್ತಿದರೆ ಎಲ್ಲ ಹಾಳು. ಬದುಕಿದ ಸಸಿಗಳಲ್ಲಿ ಎಜಿಎಲ್11 ಮಾರ್ಕರ್ ನೋಡಿ ಬೀಜ ಬರುವವನ್ನು ಹಣ್ಣು ಬಿಡುವ ಮೊದಲೇ ತೆಗೆದುಹಾಕುತ್ತಾರೆ.

ಅನುಮಾನಿ
ಸರಿ, ಮಾರ್ಕರ್ ಉಪಯೋಗ ಒಪ್ಪಿದೆ ಅಂತಲೇ ಇಟ್ಟುಕೊಳ್ಳಿ. ಆದರೆ ಈ ಡಿಎನ್‌ಎ ಪರೀಕ್ಷೆ ಮಾಡಿ ಯಾವ ದ್ರಾಕ್ಷಿಗೆ ಅಪ್ಪ ಯಾರು ಅಮ್ಮ ಯಾರು ಅಂತ ಹುಡುಕುವ ಪೇಪರ್‌ಗಳು? ಅದರಿಂದ ಯಾರಿಗೆ ಏನು? ಸತ್ತ ತಾತನ ಜಾತಕ ಬರೆಸಿದ ಹಾಗೆ.

ಕಾಡುಸೇಬು
ಅನುಮಾನಿಯವರೇ, ಜಾತಕ ಬೇಕು ಮಾರಾಯ್ರೆ. ಯಾಕೆ ಅಂದ್ರೆ ಬರೆದಿಟ್ಟ ಜಾತಕಗಳೇ ತಪ್ಪು.

ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯ 1991ರಲ್ಲಿ ಬಿಡುಗಡೆ ಮಾಡಿದ ಹನಿಕ್ರಿಸ್ಪ್ ಸೇಬು ಮಕೂನ್ ಮತ್ತು ಹನಿಗೋಲ್ಡ್ ತಳಿಗಳ ಮಗು ಅಂತ ದಾಖಲೆಯಲ್ಲಿ ಇತ್ತು. ಡಿಎನ್‌ಎ ನೋಡಿದರೆ ಇಬ್ಬರೂ ಅಲ್ಲ. ಒಂದು ಕಡೆ ಕೀಪ್‌ಸೇಕ್ ಇತ್ತು. ಇನ್ನೊಂದು ಕಡೆ ಯಾರು ಅಂತ ಗೊತ್ತಾಗಲು 2017 ಬರಬೇಕಾಯಿತು. ಅದು ಎಂಎನ್1627 ಅಂತ ಬರೀ ಸಂಖ್ಯೆ ಇದ್ದ, ಹೆಸರೂ ಇಡದ ಒಂದು ಮರ. ಈಗ ಹನಿಕ್ರಿಸ್ಪ್‌ನ ಕರುಂ ಕುರುಂ ಗುಣ ಬೇಕು ಅಂತ ಜಗತ್ತಿನ ಎಲ್ಲ ಕಡೆ ಅದನ್ನೇ ಸಂಕರಕ್ಕೆ ಬಳಸ್ತಾರೆ. ಅದರ ಸಂಬಂಧಿಕರು ಯಾರು ಅಂತ ತಿಳಿಯದೆ ಜೋಡಿ ಮಾಡಿದರೆ ಅಣ್ಣ ತಂಗಿಗೆ ಮದುವೆ ಮಾಡಿದ ಹಾಗೆ ಆಗ್ತದೆ. ಎಂಎನ್1627ಕ್ಕೆ ಗೋಲ್ಡನ್ ಡೆಲಿಷಸ್ ಒಂದು ಪೋಷಕ. ಗಾಲಾಗೂ ಗೋಲ್ಡನ್ ಡೆಲಿಷಸ್ ಪೋಷಕ. ಎಲ್ಲಿ ತಿರುಗಿದರೂ ಅದೇ ಕುಟುಂಬ. ಹೊಸ ಸೇಬು ಅಂತ ನಾವು ಕರೆಯುವುದೆಲ್ಲ ಕೆಲವೇ ಮನೆಗಳ ಒಳಗಿನ ಸಂಬಂಧ.

ದ್ರಾಕ್ಷಿಯಲ್ಲಿ ಕ್ಯಾಬರ್ನೆ ಸೊವಿನ್ಯೋಂ ಅನ್ನು ಬಹಳ ಪ್ರಾಚೀನ, ಕುಲೀನ ತಳಿ ಅಂತ ಜನ ನಂಬಿದ್ದರು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಕರೋಲ್ ಮೆರೆಡಿತ್ ಮತ್ತು ಜಾನ್ ಬೋವರ್ಸ್ 1997ರಲ್ಲಿ ತೋರಿಸಿದರು: ಅದು ಕ್ಯಾಬರ್ನೆ ಫ್ರಾಂ ಮತ್ತು ಬಿಳಿ ಸೊವಿನ್ಯೋಂ ಬ್ಲಾಂ ತಳಿಗಳ ಮಗು. ಕಪ್ಪು ಹಣ್ಣಿಗೆ ಒಬ್ಬ ಪೋಷಕ ಬಿಳಿ! ಎರಡು ವರ್ಷದ ಮೇಲೆ ಶಾರ್ಡೊನೆಯ ಸರದಿ. ಒಂದು ಕಡೆ ಪಿನೋ, ಇನ್ನೊಂದು ಕಡೆ ಗೂಯೆ ಬ್ಲಾಂ ಅಂತ ಫ್ರಾನ್ಸಿನವರೇ ಕೀಳು ಎಂದು ಹೀಗಳೆಯುತ್ತಿದ್ದ ತಳಿ. ಇದೇ ಜೋಡಿಯಿಂದ ಶಾರ್ಡೊನೆ, ಗಾಮೆ, ಅಲಿಗೋಟೆ ಸೇರಿ 16 ತಳಿ ಹುಟ್ಟಿವೆ. ಒಳ್ಳೆಯದಕ್ಕೆ ಒಳ್ಳೆಯದನ್ನೇ ಜೋಡಿಸಬೇಕು ಅಂತ ಹಟ ಹಿಡಿಯುವವರು ಇದನ್ನು ಓದಬೇಕು. ದೂರದ ಸಂಬಂಧ ಅಂದರೆ ಏನು ಅಂತ ಗೊತ್ತಾಗ್ತದೆ.

ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಕಝಾಕ್‌ಸ್ತಾನದ ಕಥೆ. ತಿಯೆನ್ ಶಾನ್ ಬೆಟ್ಟದ ಇಳಿಜಾರುಗಳಲ್ಲಿ ಮಾಲಸ್ ಸೀವರ್ಸಿ ಅಂತ ಕಾಡು ಸೇಬಿನ ಅಡವಿಗಳಿವೆ. ನಿಕೊಲಾಯ್ ವಾವಿಲೋವ್ 1929ರಲ್ಲಿ ಅಲ್ಮಾಟಿ ಕಡೆ ಹೋಗಿ ನೋಡಿ, ಸೇಬಿನ ತವರು ಇದೇ ಅಂದರು. ಡಿಎನ್‌ಎ ಬಂದ ಮೇಲೆ ಅವರ ಮಾತು ನಿಂತಿತು, ಆದರೆ ಅರ್ಧ ಮಾತ್ರ. ಸೇಬು ಪಶ್ಚಿಮಕ್ಕೆ ಪಯಣ ಮಾಡಿದಾಗ ಯುರೋಪಿನ ಕಾಡು ಸೇಬು ಮಾಲಸ್ ಸಿಲ್ವೆಸ್ಟ್ರಿಸ್‌ನ ಪರಾಗ ಧಾರಾಳವಾಗಿ ಸೇರಿಕೊಂಡಿದೆ ಅಂತ 2012ರಲ್ಲಿ ಗೊತ್ತಾಯಿತು. ಅಮೆರಿಕದವರು 1989ರಿಂದ ಶುರು ಮಾಡಿ ಕಝಾಕ್‌ಸ್ತಾನದ ಅಡವಿಗಳಿಂದ ಬೀಜ, ಕಡ್ಡಿ ತಂದು ನ್ಯೂಯಾರ್ಕ್ ರಾಜ್ಯದ ಜಿನೀವಾದಲ್ಲಿ ಬೆಳೆಸಿದ್ದಾರೆ. ರೋಗ ತಡೆಯುವ ಗುಣ ಹುಡುಕುವವರು ಈಗ ಅಲ್ಲಿಗೆ ಹೋಗ್ತಾರೆ. ತವರಿನಲ್ಲಿ ಆ ಅಡವಿ ಕರಗುತ್ತಿದೆ, ಅದು ಬೇಸರದ ಮಾತು.

ಎಳೆನೋಡಿ
ಕಾಡುಸೇಬು ಅವರ ಮಾತಿಗೆ ಒಂದು ಬಾಲ. 2019ರಲ್ಲಿ ಫ್ರಾನ್ಸಿನ ಹಳೆಯ ದ್ರಾಕ್ಷಿ ಬೀಜಗಳ ಡಿಎನ್‌ಎ ಓದಿದರು. ಓರ್ಲಿಯಾನ್‌ನಲ್ಲಿ ಸಿಕ್ಕ, ಸುಮಾರು 900 ವರ್ಷ ಹಳೆಯ ಒಂದು ಬೀಜ ಈಗಲೂ ಬೆಳೆಯುವ ಸಾವನ್ಯಾಂ ಬ್ಲಾಂಗೆ ತದ್ರೂಪು. ಒಂದು ಬಳ್ಳಿಯನ್ನು 900 ವರ್ಷ ಕಡ್ಡಿಯಿಂದ ಕಡ್ಡಿಗೆ ದಾಟಿಸಿದ್ದಾರೆ. ಬಳ್ಳಿ ಹೊಸದಾಗಿಲ್ಲ. ಅದಕ್ಕೆ ಹತ್ತುವ ರೋಗಾಣು ಮಾತ್ರ ಪ್ರತಿ ವರ್ಷ ಹೊಸದಾಗುತ್ತಿದೆ. ಅಸಲಿ ಗೋಳು ಇದು.

ಬಳ್ಳಿಮನೆ
ಹಾಂ, ಈಗ ನಮ್ಮ ಓಣಿಗೆ ಬಂದ್ರಿ. ಅಪ್ಪ ಅಮ್ಮ, ಬಣ್ಣ, ಎಲ್ಲಾ ಕೇಳಾಕ ಚಂದ ಐತಿ. ಮೋಡ ಮುಸುಕಿ ಜಿಟಿಜಿಟಿ ಮಳಿ ಹತ್ತಿದ್ರ ಎಲಿ ಕೆಳಗ ಡೌನಿ ರೋಗದ ಬಿಳಿ ಬೂಷ್ಟ ಹಿಡೀತೈತಿ. ಮಳಿ ನಿಂತ ಮ್ಯಾಲೆ ಬೂದಿ ರೋಗ. ಔಷಧಿ ಹೊಡದು ಹೊಡದು ಸಾಕಾಗೇತಿ. ಇದಕ್ಕ ನಿಮ್ಮ ಜೀನೋಮ್ ಏನ್ ಹೇಳ್ತೈತಿ, ಅದನ್ನ ಹೇಳ್ರಿ.

ತಳಿಶಾಲೆ
ಬಳ್ಳಿಮನೆಯವರೇ, ಈ ಎಳೆಯಲ್ಲಿ ನಿಜವಾದ ಪ್ರಶ್ನೆ ನಿಮ್ಮದೇ.

ಡೌನಿ, ಬೂದಿ, ಬೇರು ತಿನ್ನುವ ಫಿಲಾಕ್ಸೆರಾ ಕೀಟ ಮೂರೂ ಉತ್ತರ ಅಮೆರಿಕದಿಂದ 19ನೇ ಶತಮಾನದಲ್ಲಿ ಯುರೋಪಿಗೆ ಹೋದವು. ಅಲ್ಲಿ ಬೆಳೆಯುತ್ತಿದ್ದ ದ್ರಾಕ್ಷಿ ಜಾತಿಯಾದ ವಿಟಿಸ್ ವಿನಿಫೆರಾ ಬಳ್ಳಿ ಅವನ್ನು ಕಂಡೇ ಇರಲಿಲ್ಲ, ಆದ್ದರಿಂದ ತಡೆಯುವ ಶಕ್ತಿ ಇರಲಿಲ್ಲ. ಫಿಲಾಕ್ಸೆರಾಗೆ ಅಮೆರಿಕದ ಬಳ್ಳಿಯ ಬೇರಿನ ಮೇಲೆ ಕಸಿ ಕಟ್ಟಿ ಪಾರಾದರು. ಎಲೆ, ಹಣ್ಣಿನ ರೋಗಕ್ಕೆ ರೂಟ್‌ಸ್ಟಾಕ್ ಕೆಲಸ ಮಾಡುವುದಿಲ್ಲ. ಮೇಲಿನ ಬಳ್ಳಿಯಲ್ಲೇ ಆ ಗುಣ ಇರಬೇಕು.

ಗುಣ ಇರುವುದು ಕಾಡು ಬಂಧುಗಳಲ್ಲಿ. ಡೌನಿ ತಡೆಯುವ ಜೀನ್ ಜಾಗಗಳಿಗೆ ಆರ್‌ಪಿವಿ ಎಂದು ಸಂಖ್ಯೆ ಕೊಟ್ಟಿದ್ದಾರೆ. ಆರ್‌ಪಿವಿ3 ಅಮೆರಿಕದ ಬಳ್ಳಿಗಳಿಂದ, ಆರ್‌ಪಿವಿ10 ಏಷ್ಯಾದ ವಿಟಿಸ್ ಅಮುರೆನ್ಸಿಸ್‌ನಿಂದ ಬಂದದ್ದು. ಆರ್‌ಪಿವಿ1, ಮತ್ತು ಅದರ ಮಗ್ಗುಲಲ್ಲೇ ಇರುವ ಬೂದಿ ರೋಗದ ರನ್1, ಎರಡೂ ಮಸ್ಕಡೀನ್ ದ್ರಾಕ್ಷಿಯಿಂದ. ಮಸ್ಕಡೀನ್ ಎಷ್ಟು ದೂರದ ಬಂಧು ಎಂದರೆ ವಿನಿಫೆರಾಕ್ಕೆ 38 ವರ್ಣತಂತು, ಅದಕ್ಕೆ 40. ಸಂಕರದ ಮಕ್ಕಳು ಬಹುಪಾಲು ಬಂಜೆ. ಫ್ರಾನ್ಸಿನಲ್ಲಿ ಅಲೈನ್ ಬೂಕೆ 1970ರ ದಶಕದಲ್ಲಿ ಶುರುಮಾಡಿ, ಮತ್ತೆ ಮತ್ತೆ ವಿನಿಫೆರಾಕ್ಕೆ ಸಂಕರ ಮಾಡುತ್ತಾ ರುಚಿಯನ್ನು ಉಳಿಸಿಕೊಂಡು ನಿರೋಧಕ ಗುಣವನ್ನು ಒಳಗೆ ತಂದರು. ಒಂದೊಂದು ಸಂಕರಕ್ಕೂ ವರ್ಷಗಟ್ಟಲೆ ಕಾದಿದ್ದಾರೆ.

ಈಗ ಮುಖ್ಯ ಮಾತು. ಒಂದೇ ಜೀನ್ ಇಟ್ಟರೆ ರೋಗಾಣು ಅದನ್ನು ದಾಟಲು ಕಲಿಯುತ್ತದೆ. ಬಿಯಾಂಕಾ ಎಂಬ ತಳಿಯಲ್ಲಿ ಆರ್‌ಪಿವಿ3 ಮಾತ್ರ ಇತ್ತು. ಅದನ್ನು ಮೀರಿದ ಡೌನಿ ಕಾಣಿಸಿಕೊಂಡದ್ದು 2010ರಲ್ಲಿ ವರದಿಯಾಯಿತು. ಸೇಬಿನಲ್ಲೂ ಇದೇ ಆಗಿದೆ. ಕಜ್ಜಿ ರೋಗ ತಡೆಯುವ ವಿಎಫ್ ಎಂಬ ಜೀನ್ ಅನ್ನು ಮಾಲಸ್ ಫ್ಲೋರಿಬಂಡಾ ಎಂಬ ಅಲಂಕಾರದ ಸೇಬಿನಿಂದ ತಂದು, ದಶಕಗಳ ಕಾಲ ದುಡಿದು, 1970ರಲ್ಲಿ ಪ್ರೈಮಾ ತಳಿ ಬಿಟ್ಟರು. ಆಮೇಲೆ ಬಂದ ನಿರೋಧಕ ಸೇಬುಗಳೆಲ್ಲ ಹೆಚ್ಚುಕಡಿಮೆ ಅದೊಂದೇ ಜೀನಿನ ಮೇಲೆ ನಿಂತವು. 1990ರ ದಶಕದ ಹೊತ್ತಿಗೆ ಅದನ್ನು ಮೀರುವ ಕಜ್ಜಿ ಶಿಲೀಂಧ್ರ ಯುರೋಪಿನಲ್ಲಿ ಬಂದಾಯಿತು.

ಆದ್ದರಿಂದ ಒಂದೇ ಬಳ್ಳಿಯಲ್ಲಿ ಎರಡು ಮೂರು ಜೀನ್ ಒಟ್ಟಿಗೆ ಇಡಬೇಕು. ಒಂದನ್ನು ದಾಟಿದ ರೋಗಾಣುವಿಗೆ ಇನ್ನೊಂದು ಅಡ್ಡ ಬರುತ್ತದೆ. ಆದರೆ ಎರಡು ಜೀನ್ ಇರುವ ಬಳ್ಳಿಯೂ ಒಂದೇ ಜೀನ್ ಇರುವ ಬಳ್ಳಿಯೂ ಕಣ್ಣಿಗೆ ಒಂದೇ ಥರ ಆರೋಗ್ಯವಾಗಿ ಕಾಣುತ್ತವೆ. ರೋಗ ಹಚ್ಚಿ ನೋಡಿದರೂ ಗೊತ್ತಾಗುವುದಿಲ್ಲ. ಒಳಗೆ ಎಷ್ಟು ಜೀನ್ ಇವೆ ಅಂತ ಹೇಳಲು ಡಿಎನ್‌ಎ ಮಾರ್ಕರ್ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಅನುಮಾನಿಯವರೇ, ಪೇಪರ್ ಬರೆಯೋದಕ್ಕೆ ಅಂದಿರಲ್ಲ, ಇಲ್ಲಿ ಪೇಪರ್ ಇಲ್ಲದೆ ಬಳ್ಳಿ ಇಲ್ಲ. ಫ್ರಾನ್ಸ್ 2018ರಲ್ಲಿ ನೋಂದಾಯಿಸಿದ ಆರ್ತಬಾನ್, ವಿಡೊಕ್, ಫ್ಲೊರೆಯಾಲ್, ವೊಲ್ಟಿಸ್ ಎಂಬ ನಾಲ್ಕೂ ತಳಿಗಳಲ್ಲಿ ಡೌನಿಗೂ ಬೂದಿಗೂ ಒಂದಕ್ಕಿಂತ ಹೆಚ್ಚು ಜೀನ್ ಕೂಡಿಸಿದ್ದಾರೆ. ಸಿಂಪಡಣೆ ಪೂರ್ತಿ ನಿಲ್ಲುವುದಿಲ್ಲ, ಬಹಳ ಕಡಿಮೆಯಾಗುತ್ತದೆ.

ಅನುಮಾನಿ
ಸರಿ. ಹಾಗಿದ್ದರೆ ಜಗತ್ತೆಲ್ಲ ಆ ನಾಲ್ಕು ತಳಿ ಯಾಕೆ ನೆಡುತ್ತಿಲ್ಲ?

ತಳಿಶಾಲೆ
ಹೆಸರು. ವೈನ್ ಮಾರಾಟವಾಗುವುದು ಶಾರ್ಡೊನೆ ಎಂಬ ಹೆಸರಿನ ಮೇಲೆ. ಸಂಕರ ಮಾಡಿದ ಕ್ಷಣ ಅದು ಶಾರ್ಡೊನೆ ಅಲ್ಲ. ಎಷ್ಟೇ ಬಾರಿ ಶಾರ್ಡೊನೆಗೇ ತಿರುಗಿ ಸಂಕರ ಮಾಡಿದರೂ ಆಗುವುದಿಲ್ಲ. ಯುರೋಪಿನ ಪ್ರದೇಶವಾರು ನಿಯಮಗಳಲ್ಲಿ ಯಾವ ತಳಿ ನೆಡಬಹುದು ಅಂತ ಪಟ್ಟಿಯೇ ಇದೆ. ಶಾಂಪೇನ್ ಪ್ರದೇಶ ವೊಲ್ಟಿಸ್ ಅನ್ನು ಪ್ರಯೋಗಕ್ಕೆಂದು, ಮಿತಿ ಹಾಕಿ, ಒಳಗೆ ಬಿಟ್ಟಿದೆ. ಅಷ್ಟೇ ದೊಡ್ಡ ಸುದ್ದಿ.

ಹೊಸಚಿಗುರು
ಹಾಗಾದರೆ ಡಿಎನ್‌ಎಯನ್ನು ಬೇಕಾದ ಜಾಗದಲ್ಲೇ ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರ? ಶಾರ್ಡೊನೆಯನ್ನು ಶಾರ್ಡೊನೆಯಾಗಿಯೇ ಇಟ್ಟು ಒಂದು ಜೀನ್ ಮಾತ್ರ ತಿದ್ದಿದರೆ ಮುಗಿಯಿತಲ್ಲ?

ಎಳೆನೋಡಿ
ತತ್ತ್ವದಲ್ಲಿ ಹೌದು, ಅದಕ್ಕೇ ದ್ರಾಕ್ಷಿಯವರಿಗೆ ಅದರ ಮೇಲೆ ಅಷ್ಟು ಆಸೆ. ಡಿಎಂಆರ್6 ಎಂಬ ಜೀನ್ ಡೌನಿಗೆ ಒಳದಾರಿ ಸುಗಮ ಮಾಡಿಕೊಡುತ್ತದೆ. ಅದನ್ನು ಕೆಡಿಸಿದರೆ ರೋಗ ಕಡಿಮೆ. ಹೊರಗಿನ ಜೀನ್ ಸೇರಿಸಬೇಕಿಲ್ಲ. ಇಟಲಿಯ ವೆರೋನಾ ಕಡೆ 2024ರಲ್ಲಿ ಹೀಗೆ ತಿದ್ದಿದ ಶಾರ್ಡೊನೆ ಬಳ್ಳಿಗಳನ್ನು ಹೊಲದಲ್ಲಿ ನೆಟ್ಟು ಪ್ರಯೋಗ ಶುರುಮಾಡಿದರು. 2025ರ ಆರಂಭದಲ್ಲಿ ಯಾರೋ ರಾತ್ರೋರಾತ್ರಿ ನುಗ್ಗಿ ಹಾಳುಮಾಡಿದರು.

ತಾಂತ್ರಿಕ ತೊಡಕು ಬೇರೆಯೇ ಇದೆ. ತಿದ್ದುವುದು ಒಂದು ಜೀವಕೋಶದಲ್ಲಿ. ಆ ಒಂದು ಜೀವಕೋಶದಿಂದ ಇಡೀ ಬಳ್ಳಿ ಎಬ್ಬಿಸಬೇಕು. ಅಂಗಾಂಶ ಕೃಷಿಗೆ ಕೆಲವು ತಳಿ ಒಗ್ಗುತ್ತವೆ, ಕೆಲವು ಹಟ ಹಿಡಿಯುತ್ತವೆ. ಇನ್ನು ಮೇಲೆ ಹೇಳಿದ ಎರಡು ಪದರದ ಕಥೆ ನೆನಪಿದೆಯಲ್ಲ? ಪಿನೋ ಮೂನ್ಯೇಯಂಥ ತಳಿಯ ಗುಣವೇ ಪದರಗಳ ವ್ಯತ್ಯಾಸದಲ್ಲಿ ಇದೆ. ಒಂದು ಕೋಶದಿಂದ ಎಬ್ಬಿಸಿದರೆ ಆ ಬಳ್ಳಿ ಮೂನ್ಯೇ ಆಗಿ ಉಳಿಯುವುದೇ ಇಲ್ಲ.

ಮಣ್ಣಮಗ
ಕುಲಾಂತರಿ ಹಣ್ಣು ನಮಗೆ ಬೇಡವೇ ಬೇಡ. ಪ್ರಕೃತಿಯನ್ನು ತಿದ್ದಲು ಇವರು ಯಾರು?

ಅನುಮಾನಿ
ಮಣ್ಣಮಗ, ಗೋಲ್ಡನ್ ಡೆಲಿಷಸ್‌ನ ಕಡ್ಡಿಯನ್ನು ಬೇರೆ ಮರದ ಬೇರಿನ ಮೇಲೆ ಕಟ್ಟುವುದು ಪ್ರಕೃತಿಯೋ? ವಿರೋಧ ಮಾಡಿ, ಆದರೆ ಕಾರಣ ಕೊಟ್ಟು ಮಾಡಿ. ಎಲ್ಲರನ್ನೂ ಅನುಮಾನಿಸುವ ಗುತ್ತಿಗೆ ನನ್ನದು, ನೀವು ಕಸಿದುಕೊಳ್ಳಬೇಡಿ.

ನಿರ್ವಾಹಕ
ವಿಷಯದ ಮೇಲೆ ಬರೆಯಿರಿ, ವ್ಯಕ್ತಿಗಳ ಮೇಲೆ ಬೇಡ. ಮಣ್ಣಮಗ ಅವರ ನಂತರ ಬಂದ ನಾಲ್ಕು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ.

ತಳಿಶಾಲೆ
ಎಲ್ಲವನ್ನೂ ಕುಲಾಂತರಿ ಎಂಬ ಒಂದೇ ಚೀಲಕ್ಕೆ ತುಂಬಬೇಡಿ ಅಂತಷ್ಟೇ ನನ್ನ ವಿನಂತಿ. 2015ರಲ್ಲಿ ಅಮೆರಿಕ, ಕೆನಡಾಗಳಲ್ಲಿ ಒಪ್ಪಿಗೆ ಪಡೆದ ಆರ್ಕ್‌ಟಿಕ್ ಸೇಬಿನಲ್ಲಿ ಕತ್ತರಿಸಿದ ಮೇಲೆ ಕಂದಾಗಿಸುವ ಕಿಣ್ವದ ಜೀನ್‌ಗಳನ್ನು ಅಡಗಿಸಿದ್ದಾರೆ. 2004ರಲ್ಲಿ ಯುರೋಪಿನವರು ಗಾಲಾ ಸೇಬಿಗೆ ಹಾಕಿದ್ದು ಕಾಡು ಸೇಬಿನದೇ ಕಜ್ಜಿ ನಿರೋಧಕ ಜೀನ್. ಸಂಕರದಿಂದಲೂ ಬರಬಹುದಾದದ್ದು, ಆದರೆ ಹಾಗೆ ಮಾಡಿದರೆ ಹಣ್ಣು ಗಾಲಾ ಆಗಿ ಉಳಿಯುತ್ತಿರಲಿಲ್ಲ. ಮೊದಲನೆಯದು ನನಗೆ ಅಷ್ಟೇನೂ ಮುಖ್ಯ ಅನ್ನಿಸುವುದಿಲ್ಲ, ಕತ್ತರಿಸಿದ ಸೇಬು ಕಂದಾದರೆ ಯಾರಿಗೂ ನಷ್ಟ ಇಲ್ಲ. ಎರಡನೆಯದರಿಂದ ಔಷಧಿ ಕಡಿಮೆಯಾಗುತ್ತದೆ.

ಮೂರನೆಯ ಜಾತಿ ಒಂದಿದೆ, ಅದು ನನಗೆ ಎಲ್ಲಕ್ಕಿಂತ ಇಷ್ಟ. ಜರ್ಮನಿಯ ಡ್ರೆಸ್ಡನ್ ಬಳಿಯ ಪಿಲ್‌ನಿಟ್ಸ್‌ನಲ್ಲಿ 2007ರ ಸುಮಾರಿಗೆ ಬರ್ಚ್ ಮರದ ಹೂ ಬಿಡಿಸುವ ಜೀನ್ ಅನ್ನು ಪಿನೋವಾ ಸೇಬಿಗೆ ಹಾಕಿದರು. ಸಸಿ ಕೆಲವೇ ತಿಂಗಳಲ್ಲಿ ಹೂ ಬಿಟ್ಟಿತು. ಆರು ವರ್ಷದ ತಲೆಮಾರು ಒಂದು ವರ್ಷಕ್ಕೆ ಇಳಿಯಿತು. ಆ ಗಿಡವನ್ನು ಕಾಡು ಸೇಬಿನೊಂದಿಗೆ ಸಂಕರ ಮಾಡಿ, ಟೊಂಗೆ ಸುಟ್ಟಂತೆ ಮಾಡುವ ಬೆಂಕಿರೋಗವನ್ನು (ಫೈರ್ ಬ್ಲೈಟ್) ತಡೆಯುವ ಜೀನ್ ತಂದು, ತಲೆಮಾರಿನ ಮೇಲೆ ತಲೆಮಾರು ಬೇಗ ಬೇಗ ಓಡಿಸಬಹುದು. ಕೊನೆಯ ಸಂಕರದಲ್ಲಿ ಮಕ್ಕಳಲ್ಲಿ ಅರ್ಧದಷ್ಟಕ್ಕೆ ಬರ್ಚ್ ಜೀನ್ ಬರುವುದೇ ಇಲ್ಲ. ಅವನ್ನು ಮಾತ್ರ ಇಟ್ಟುಕೊಂಡರೆ ಹೊರಗಿನ ಜೀನ್‌ನ ಕುರುಹೂ ಇಲ್ಲದ ಸೇಬು. ಇದನ್ನು ಏನೆಂದು ಕರೆಯಬೇಕು ಅಂತ ಕಾನೂನಿನವರು ಗುದ್ದಾಡಲಿ. ಮರ ನಿಧಾನ ಎಂಬ ಮೂಲ ಪ್ರಶ್ನೆಗೆ ನೇರ ಉತ್ತರ ಕೊಟ್ಟದ್ದು ಇದೊಂದೇ.

ಬಳ್ಳಿಮನೆ
ಹಂಗಾರ ನಮಗ ಈಗ ಸದ್ಯಕ್ಕ ಏನ್ ಸಿಗತೈತಿ?

ತಳಿಶಾಲೆ
ಸದ್ಯಕ್ಕೆ ಒಂದು ಕೆಲಸ ಮಾಡಿ. ನರ್ಸರಿಯಿಂದ ರೋಗ ನಿರೋಧಕ ಅಂತ ಹೇಳಿ ಕಡ್ಡಿ ಕೊಟ್ಟರೆ, ಯಾವ ಜೀನ್, ಎಷ್ಟು ಜೀನ್ ಅಂತ ಕೇಳಿ. ಆರ್‌ಪಿವಿ3 ಒಂದೇ ಎಂದರೆ ಅದರ ಭರವಸೆಯ ಮೇಲೆ ಔಷಧಿ ಪೂರ್ತಿ ನಿಲ್ಲಿಸಬೇಡಿ. ಅಪಾಯದ ಸಮಯದಲ್ಲಿ ಒಂದೆರಡು ಸಿಂಪಡಣೆ ಕೊಟ್ಟರೆ ಆ ಜೀನಿನ ಆಯುಸ್ಸೂ ಉಳಿಯುತ್ತದೆ. ಉತ್ತರ ಗೊತ್ತಿಲ್ಲ ಅಂದರೆ ಒಂದು ಸಾಲಿಗಿಂತ ಹೆಚ್ಚು ನೆಡಬೇಡಿ.

ಹೊಸಚಿಗುರು
ಕೊನೆಯದಾಗಿ ಸ್ವಾರ್ಥದ ಪ್ರಶ್ನೆ. ತಿರುಳೂ ಕೆಂಪಾಗಿರುವ ಸೇಬೊಂದರ ಬೀಜ ಕುಂಡದಲ್ಲಿ ಮೊಳೆತಿದೆ. ಇದರ ಹಣ್ಣಿನ ತಿರುಳೂ ಕೆಂಪಾಗುತ್ತದೋ ಅಂತ ಈಗಲೇ ತಿಳಿಯಬಹುದಾ? ಪರೀಕ್ಷೆಗೆ ಕಳಿಸುವ ಅನುಕೂಲ ಇಲ್ಲ.

ಎಳೆನೋಡಿ
ಎಲೆ ನೋಡಿ. ಕೆಂಪು ತಿರುಳಿನ ಸೇಬುಗಳಲ್ಲಿ ಒಂದು ಬಗೆಗೆ ಕಾರಣ ಮಿಬ್10 ಜೀನ್. ಅದರ ಮುಂಭಾಗದಲ್ಲಿ ಒಂದು ತುಂಡು ಆರು ಸಾರಿ ಪುನರಾವರ್ತನೆಯಾಗಿದೆ. ಆದ್ದರಿಂದ ಜೀನ್ ತನ್ನನ್ನು ತಾನೇ ಎಬ್ಬಿಸಿಕೊಂಡು ಗಿಡದ ತುಂಬ ಬಣ್ಣ ತುಂಬುತ್ತದೆ. ಎಳೆ ಎಲೆ, ತೊಟ್ಟು, ಕಾಂಡ ಎಲ್ಲ ಕೆಂಪಾಗಿರುತ್ತವೆ.

ಹೊಸಚಿಗುರು
ಪೂರಾ ಹಸಿರು. ಹೋಯ್ತಾ?

ಎಳೆನೋಡಿ
ಹೋಯ್ತು ಅಂತ ಹೇಳಲಾಗದು. ಇನ್ನೊಂದು ಬಗೆಗೆ ಮಿಬ್110ಎ ಕಾರಣ. ಅದರಲ್ಲಿ ಎಲೆ ಹಸಿರೇ, ಹಣ್ಣು ಬಲಿಯುವ ಹೊತ್ತಿಗೆ ತಿರುಳು ಮಾತ್ರ ಕೆಂಪಾಗುತ್ತದೆ. ನೀವು ತಿಂದ ಹಣ್ಣಿನ ತಾಯಿಮರದ ಎಲೆ ಯಾವ ಬಣ್ಣ ಅಂತ ಗೊತ್ತಾದರೆ ಹೇಳಿ. ಅದು ಕೆಂಪೆಲೆಯದಾಗಿದ್ದರೆ ನಿಮ್ಮ ಹಸಿರು ಸಸಿಯ ಮೇಲೆ ಆಸೆ ಬಿಡಿ. ಅದೂ ಹಸಿರೆಲೆಯದಾಗಿದ್ದರೆ ಸಸಿ ಇಟ್ಟುಕೊಳ್ಳಿ, ಜೊತೆಗೆ ಪರಾಗಕ್ಕೆ ಬೇರೆ ತಳಿಯ ಇನ್ನೊಂದು ಸೇಬು ಈಗಲೇ ನೆಡಿ. ಐದಾರು ವರ್ಷ ಕಾದ ಮೇಲೆ ಹೂ ಬಿಟ್ಟು ಕಾಯಿ ಕಟ್ಟಲಿಲ್ಲ ಅಂತ ಇಲ್ಲಿಗೇ ಬಂದು ಬರೆಯುವವರು ಬಹಳ.